ಕ್ಯಾರಿಯರ್ ಇಲ್ಲದ ಸೈಕಲ್ಲು

ಕ್ಯಾರಿಯರ್ ಇಲ್ಲದ ಸೈಕಲ್ಲನ್ನು ನಮ್ಮ ಕೇರಿಯ ಹುಡುಗನೊಬ್ಬ ಕೊಳ್ಳಬಹುದೆ? ಪ್ರಶ್ನೆ ಸಣ್ಣದು. ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಹಾಸ್ಟೆಲ್ಲಿನ ಅನ್ನದ ಪ್ರಶ್ನೆ ಇದೆ. ಇವೆಲ್ಲ ಬಿದ್ದಲ್ಲೇ ಬಿದ್ದಿರುವಾಗ ಇವರು ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು ಕೂತಿದ್ದಾರಲ್ಲ ಅಂತ ಸಂಗಾತಿಗಳು ಬೈಯಬಹುದು. ಬೈಯಲಿ. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಡಿಗ್ರಿ ಮುಗಿಸಿ ಮೊದಲ ಸಂಬಳದ ಮುಖ ಕಂಡ ನಮ್ಮಂಥವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬರುತ್ತಿದೆ. ಬಂದಾಗೆಲ್ಲ ಜಗಳವಾಗುತ್ತಿದೆ. ಜಗಳ ಆಗುತ್ತಿದೆ ಅಂದರೆ ಅಲ್ಲಿ ಏನೋ ಇದೆ.

ವಿಷಯ ಇಷ್ಟೆ. ಬಾಗಿದ ಹ್ಯಾಂಡಲ್ಲು, ಸಣಕಲು ಟೈರು, ಹತ್ತು ಹನ್ನೆರಡು ಕಿಲೋ ತೂಕ. ಪೇಟೆಯವರು ಇದಕ್ಕೆ ರೋಡ್ ಬೈಕ್ ಅನ್ನುತ್ತಾರೆ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಚೈನ್‌ಕವರಿಲ್ಲ. ಮನುಷ್ಯನನ್ನು ಬಿಟ್ಟು ಬೇರೆ ಏನನ್ನೂ ಹೊರದ ಸೈಕಲ್ಲು. ರಜೆಯ ಬೆಳಿಗ್ಗೆ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ದಾರಿ ಹತ್ತುವ ಪೇಟೆ ಹುಡುಗರ ಕಾಲಡಿಯಲ್ಲಿ ನಾವು ಇದನ್ನು ಕಂಡಿದ್ದೇವೆ. ಹೊಟ್ಟೆ ಉರಿದದ್ದೂ ನಿಜ, ಆಸೆಯಾದದ್ದೂ ನಿಜ. ನಮ್ಮಲ್ಲೊಬ್ಬ ದುಡ್ಡು ಕೂಡಿಸಿ ಇಂಥದ್ದೊಂದು ಕೊಳ್ಳುತ್ತೇನೆ ಅಂದಾಗ ಎರಡು ಕಡೆಯಿಂದ ಏಟು ಬಿತ್ತು. ಮನೆಯ ಹಿರಿಯರು, "ಲೋ ತಮ್ಮ, ಒಂದು ಚೀಲ ಈರುಳ್ಳಿ ಹಾಕ್ಕೊಂಡು ಬರೋಕಾಗಲ್ಲ, ಯಾತಕ್ಕೋ ಅದು?" ಅಂದರು. ಸಂಘಟನೆಯ ಗೆಳೆಯ, "ಇದು ಕೊಳ್ಳುಬಾಕತನ ಕಣಯ್ಯ, ಮಧ್ಯಮ ವರ್ಗದ ರೋಗ ನಮಗೂ ಅಂಟ್ತು" ಅಂದ. ಒಬ್ಬರು ಈರುಳ್ಳಿ ಚೀಲದ ಹೆಸರಲ್ಲಿ, ಇನ್ನೊಬ್ಬರು ಕ್ರಾಂತಿಯ ಹೆಸರಲ್ಲಿ ಹೇಳಿದ್ದು ಒಂದೇ ಮಾತು: ಉಪಯೋಗವಿಲ್ಲದ್ದನ್ನು ನೀನು ಬಯಸಬೇಡ.

ನಮ್ಮ ಕಡೆ ಸೈಕಲ್ಲೆಂದರೆ ಎರಡು ಗಾಲಿಯ ಕತ್ತೆ. ಅಜ್ಜಂಪುರ, ಶಿವನಿ ಕಡೆಯ ಎರೆಭೂಮಿಯ ಈರುಳ್ಳಿ ಚೀಲ, ಡೈರಿಗೆ ಹೋಗುವ ಹಾಲಿನ ಕ್ಯಾನು, ಹುಲ್ಲಿನ ಹೊರೆ, ತೆಂಗಿನ ಗರಿ, ಐಸ್‌ಕ್ಯಾಂಡಿ ಪೆಟ್ಟಿಗೆ, ಸೀಮೆಎಣ್ಣೆ ಡಬ್ಬ, ಜ್ವರ ಬಂದ ಮಗು, ತಿಂಗಳು ತುಂಬಿದ ಹೆಂಗಸು, ಎಲ್ಲವನ್ನೂ ಕ್ಯಾರಿಯರ್ ಹೊತ್ತಿದೆ. ಹೀರೊ, ಅಟ್ಲಾಸ್, ಹರ್ಕ್ಯುಲಿಸ್ ಎಂಬ ಆ ಕರಿ ಸೈಕಲ್ಲುಗಳ ತೂಕ ಇಪ್ಪತ್ತು ಕಿಲೋ ಆಸುಪಾಸು. ಬ್ರೇಕಿಗೆ ವೈರಲ್ಲ, ಕಬ್ಬಿಣದ ಕಂಬಿ. (ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟ ಇಳಿದು ಭದ್ರಾವತಿಯ ಕುಲುಮೆ ಸೇರಿ ಕಬ್ಬಿಣವಾಯಿತು. ಅದನ್ನು ಅಗೆದವರ ಮನೆಗೆ ಸೈಕಲ್ಲು ಬರಬೇಕಾದರೆ ಮಾತ್ರ ಲೂಧಿಯಾನದಿಂದ, ಸೋನಿಪತ್ತಿನಿಂದ, ಮದ್ರಾಸಿನಿಂದ ಬರಬೇಕಾಯಿತು. ಈ ಲೆಕ್ಕವನ್ನು ಇನ್ನೊಮ್ಮೆ ಬಿಡಿಸೋಣ.) ಈ ಕರಿ ಸೈಕಲ್ಲಿನ ಬಗ್ಗೆ ನಮಗೆ ಕೃತಜ್ಞತೆ ಇದೆ. ಆದರೆ ಯಾರ ಬೆನ್ನು ಹೊರೆಗೆಂದೇ ಹುಟ್ಟಿದ್ದು ಅಂತ ಶಾಸ್ತ್ರ ಬರೆದಿಟ್ಟಿತೋ ಅವರ ಮನೆಗೆ ಬಂದ ಸೈಕಲ್ಲಿಗೂ ಅದೇ ಗತಿ ಬಂತಲ್ಲ, ಅದನ್ನು ನೋಡದೆ ಇರುವುದು ಹೇಗೆ?

ಊರೊಳಗೆ ಒಂದು ವಸ್ತುವಿಗೆ ಚಂದ ಅನ್ನುತ್ತಾರೆ, ಕೇರಿಯಲ್ಲಿ ಅದೇ ವಸ್ತುವಿಗೆ ದಂಡ ಅನ್ನುತ್ತಾರೆ. ಗೌಡರ ಮಗ ಬುಲೆಟ್ ತಂದರೆ ಅದರ ಮೇಲೆ ಎಷ್ಟು ಚೀಲ ಹೇರಬಹುದು ಅಂತ ಯಾರೂ ಕೇಳುವುದಿಲ್ಲ. ನಮ್ಮ ಕೊಳ್ಳುವಿಕೆಗೆ ಮಾತ್ರ ಇಡೀ ಊರು ಆಡಿಟರ್. ಬಡವ ಬೇಕಾದದ್ದನ್ನು ಕೊಂಡರೆ ವಿವೇಕ, ಬಯಸಿದ್ದನ್ನು ಕೊಂಡರೆ ಕೊಬ್ಬು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟಾಗ ಬಾಬಾಸಾಹೇಬರು ಹೆಂಗಸರನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿದರು. ಮೇಲುಜಾತಿಯವರು ಉಡುವ ಹಾಗೆ ಸೀರೆ ಉಡಿ, ಜಾತಿಯ ಗುರುತಾಗಿ ಕೈಗೂ ಕೊರಳಿಗೂ ಹೇರಿಕೊಂಡ ತೂಕದ ಒಡವೆಗಳನ್ನು ಬಿಚ್ಚಿಡಿ ಅಂದರು. ಸೀರೆ ನೆರಿಗೆ ಇಳಿದರೆ ಹೊಟ್ಟೆ ತುಂಬುತ್ತದೆಯೇ ಅಂತ ಅಂದೂ ಕೆಲವರು ಕೇಳಿರಬೇಕು. ತುಂಬುವುದಿಲ್ಲ. ಆದರೆ ಮೈಮೇಲೆ ಹೇರಿದ ತೂಕ ಯಾರು ಹೇರಿದ್ದು ಅನ್ನುವುದು ಹೊಟ್ಟೆಯಷ್ಟೇ ದೊಡ್ಡ ಪ್ರಶ್ನೆ ಅಂತ ಅವರಿಗೆ ಗೊತ್ತಿತ್ತು.

ಇನ್ನು ವೇಗದ ಮಾತು. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರವನ್ನು ನಮ್ಮ ಕಡೆಯ ಮಕ್ಕಳೆಲ್ಲ ನೋಡಿರುತ್ತಾರೆ. ನೀಳ ಕೊಂಬಿನ, ಸಪೂರ ಮೈಯ ದನ. ಹೈದರ್, ಟಿಪ್ಪು ಕಾಲದಲ್ಲಿ ದಂಡಿನ ತೋಪು, ಸಾಮಾನು ಎಳೆದು ಓಡಲೆಂದು ಬೆಳೆಸಿದ್ದು. ಅವುಗಳಿಗೆ ಮೇಯಲು ಕಾವಲುಗಳನ್ನೇ ಬಿಟ್ಟಿದ್ದರು. ವೇಗಕ್ಕೆ ರಾಜಾಶ್ರಯ ಇತ್ತು, ಹುಲ್ಲುಗಾವಲಿತ್ತು. ನಮ್ಮವರು ಅದೇ ಕಾವಲಿನ ಅಂಚಿನಲ್ಲಿ ಕಾಲ್ನಡಿಗೆಯಲ್ಲಿ ಹೋದರು. ಚಾವಡಿ ಮುಂದೆ ಬಂದಾಗ ಮೆಟ್ಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡರು. ಸೈಕಲ್ಲು ಬಂದ ಮೇಲೆ ಸೈಕಲ್ಲಿಂದ ಇಳಿದರು. ಊರ ಬೀದಿಯುದ್ದಕ್ಕೂ ತಳ್ಳಿಕೊಂಡು ಹೋಗಿ, ಊರು ದಾಟಿದ ಮೇಲೆ ಹತ್ತಿದರು. ಇಳಿಯದಿದ್ದರೆ ಏನಾಗುತ್ತಿತ್ತು ಅಂತ ಹಳಬರನ್ನು ಕೇಳಿ ನೋಡಿ. ಅವರು ಮಾತು ಬದಲಿಸುತ್ತಾರೆ.

ಗಾಲಿಗೂ ಜಾತಿಗೂ ಇರುವ ಜಗಳ ಹಳೆಯದು. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಎರಡು ಗಾಡಿಗಳು ನೆನಪಿರುತ್ತವೆ. ಒಂದು 1901ರದು. ಮಸೂರು ಸ್ಟೇಷನ್ನಿನಲ್ಲಿ ಇಳಿದ ಹುಡುಗರು ಮಹಾರರು ಅಂತ ತಿಳಿದ ಮೇಲೆ ಯಾವ ಗಾಡಿಯವನೂ ಕೂರಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಷರತ್ತೇನು? ಬಾಡಿಗೆ ಎರಡರಷ್ಟು, ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ. ಎರಡನೆಯದು 1929ರಲ್ಲಿ ಚಾಳೀಸಗಾಂವ್‌ನದು. ಆಗ ಅವರು ಡಾಕ್ಟರ್ ಅಂಬೇಡ್ಕರ್, ಸರ್ಕಾರದ ಸಮಿತಿಯ ಸದಸ್ಯ. ಆದರೂ ಟಾಂಗಾದವನು ಹೊಡೆಯಲು ಒಪ್ಪಲಿಲ್ಲ. ಟಾಂಗಾ ಕೊಟ್ಟ, ತಾನು ಬರಲಿಲ್ಲ. ಹೊಡೆದು ಗೊತ್ತಿಲ್ಲದ ಕೇರಿಯವನೊಬ್ಬ ಹೊಡೆದ. ಮೋರಿ ಮೇಲೆ ಗಾಡಿ ಆಯ ತಪ್ಪಿ, ಬಾಬಾಸಾಹೇಬರು ಬಿದ್ದು ಕಾಲು ಮುರಿಯಿತು. ದುಡ್ಡಿದ್ದರೂ ವಿದ್ಯೆಯಿದ್ದರೂ ಇನ್ನೊಬ್ಬನ ಗಾಲಿ ನಂಬಿದರೆ ಇಷ್ಟೇ. ಸೈಕಲ್ಲಿನ ದೊಡ್ಡಸ್ತಿಕೆ ಇರುವುದು ಇಲ್ಲಿ. ಅದನ್ನು ಹೊಡೆಯಲು ಇನ್ನೊಬ್ಬ ಬೇಕಿಲ್ಲ. ಜಾತಿ ಕೇಳುವವನೇ ಇಲ್ಲದ ಮೊದಲ ವಾಹನ ಅದು.

ಹಾಗಂದುಕೊಂಡರೆ ರಸ್ತೆ ಬಿಡಬೇಕಲ್ಲ! ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಅದಕ್ಕೆ 2015ರಲ್ಲಿ ತಿದ್ದುಪಡಿಯಾಗಿ, 2016ರ ಜನವರಿ 26ರಿಂದ ಜಾರಿಗೆ ಬಂತು. ಪರಿಶಿಷ್ಟರು ಸಾರ್ವಜನಿಕ ಜಾಗದಲ್ಲಿ ಸೈಕಲ್ಲು, ಮೋಟಾರು ಸೈಕಲ್ಲು ಹತ್ತುವುದನ್ನು, ಮೆಟ್ಟು ಮೆಟ್ಟುವುದನ್ನು, ಹೊಸ ಬಟ್ಟೆ ಉಡುವುದನ್ನು, ಮದುವೆ ಮೆರವಣಿಗೆಯಲ್ಲಿ ಕುದುರೆ ಏರುವುದನ್ನು ತಡೆದರೆ ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಅಂತ ಅದರಲ್ಲಿ ಬರೆದಿದೆ. ಸ್ವಲ್ಪ ನಿಂತು ಯೋಚಿಸಿ ಗೆಳೆಯರೆ. ಸಂವಿಧಾನ ಬಂದು ಅರವತ್ತೈದು ವರ್ಷವಾದ ಮೇಲೆ ಈ ದೇಶದ ಪಾರ್ಲಿಮೆಂಟು ಕೂತು 'ಸೈಕಲ್ಲು' ಅನ್ನುವ ಪದವನ್ನು ಕ್ರಿಮಿನಲ್ ಕಾಯ್ದೆಯೊಳಗೆ ಸೇರಿಸಬೇಕಾಯಿತು. ಎಲ್ಲೂ ನಡೆಯದ್ದನ್ನು ತಡೆಯಲು ಯಾರೂ ಕಾನೂನು ಬರೆಯುವುದಿಲ್ಲ. ಆ ಕಲಮಿನಲ್ಲಿ ಕ್ಯಾರಿಯರ್ ಇರುವ ಸೈಕಲ್ಲು, ಇಲ್ಲದ ಸೈಕಲ್ಲು ಅಂತ ಭೇದ ಮಾಡಿಲ್ಲ. ಹೊರೆ ಸಾಗಿಸುವ ಹಕ್ಕು ಅಂತಲೂ ಬರೆದಿಲ್ಲ. ಹತ್ತುವ ಹಕ್ಕು ಅಂತಷ್ಟೇ ಇದೆ. ಊರ ನಡುವೆ, ಹಗಲಲ್ಲಿ, ಹೊರೆಯೇ ಇಲ್ಲದೆ, ಸುಮ್ಮನೆ ಜೋರಾಗಿ ಹೋಗುವುದು ಈ ನಾಡಿನಲ್ಲಿ ಸುಮ್ಮನೆ ಹೋಗುವುದಲ್ಲ.

ಸೈಕಲ್ಲು ಚಳವಳಿಯ ಸಾಮಾನೂ ಹೌದು. 1983ರಲ್ಲಿ ಕಾನ್ಶಿರಾಮರ ಡಿಎಸ್‌ಫೋರ್ ದೆಹಲಿಯಿಂದ ಸೈಕಲ್ ಯಾತ್ರೆ ಹೊರಡಿಸಿ, ಎರಡು ಕಾಲು ಎರಡು ಗಾಲಿ ಏನು ಮಾಡಬಲ್ಲವು ಅಂತ ಉತ್ತರದ ರಾಜ್ಯಗಳಿಗೆ ತೋರಿಸಿತು. ನಮ್ಮ ತರೀಕೆರೆಯ ಪಕ್ಕದ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪನವರು ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಆ ಕಾಲದ ಕಾರ್ಯಕರ್ತನ ಜೇಬಿನಲ್ಲಿ ಬಸ್‌ಚಾರ್ಜೇ ಸಿಗುತ್ತಿರಲಿಲ್ಲ, ಇನ್ನು ಹಗುರ ಸೈಕಲ್ಲಿನ ಮಾತೆಲ್ಲಿ? ಅವರೆಲ್ಲ ಕರಪತ್ರದ ಕಟ್ಟು ಹೊತ್ತು ನಡೆದರಲ್ಲ, ನಿಮಗೆ ಬಾಗಿದ ಹ್ಯಾಂಡಲ್ಲೇ ಬೇಕೆ ಅಂತ ಗೆಳೆಯ ಕೇಳಿದ. ಅವರು ನಡೆದದ್ದು ನಾವೂ ಹಾಗೇ ನಡೆಯಲಿ ಅಂತಲೇ?

ಇಷ್ಟು ಹೇಳಿದ ಮೇಲೆ ಆಸೆಯೆಲ್ಲ ವಿಮೋಚನೆ ಅಂತ ನಾವು ಸಾರುತ್ತಿಲ್ಲ. ಆಸೆಯನ್ನು ಅಳೆಯಲು ಒಂದು ಸೇರು ಬೇಕು. ನಮ್ಮ ಸೇರು ಇದು: ಬೆಲೆಯನ್ನು ರೂಪಾಯಿಯಲ್ಲಿ ಎಣಿಸಬಾರದು, ದಿನದಲ್ಲಿ ಎಣಿಸಬೇಕು. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಏಳು ಸಾವಿರದ ಸೈಕಲ್ಲೆಂದರೆ ಆ ಲೆಕ್ಕದಲ್ಲಿ ಇಪ್ಪತ್ತು ದಿನ ಮಣ್ಣು ಹೊತ್ತ ಹಾಗೆ. ಇಪ್ಪತ್ತೈದು ಸಾವಿರದ್ದೆಂದರೆ ಎಪ್ಪತ್ತೆರಡು ದಿನ. ಆ ಯೋಜನೆ ಒಂದು ಮನೆಗೆ ವರ್ಷಕ್ಕೆ ಖಾತರಿ ಕೊಟ್ಟದ್ದೇ ನೂರು ದಿನ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು ಅಂತ ಪತ್ರಿಕೆಗಳು ಬರೆದವು. ಏಳು ಸಾವಿರದ ಸೈಕಲ್ಲಿಗೆ ಅದರಿಂದ ಉಳಿಯುವುದು ನಾನೂರು ಚಿಲ್ಲರೆ, ಒಂದು ದಿನದ ಕೂಲಿಗಿಂತ ತುಸು ಹೆಚ್ಚು. ಒಂದು ದಿನ ಉಳಿದದ್ದೂ ಉಳಿದದ್ದೇ.

ದಿನ ಎಣಿಸಿದ ಮೇಲೆ ಕೇಳಬೇಕಾದ್ದು, ಯಾರ ದಿನ? ಹಳೆಯ ಮದುವೆಗಳಲ್ಲಿ ಗಂಡಿಗೆ ವಾಚು, ಸೈಕಲ್ಲು, ರೇಡಿಯೋ ಕೊಡುವ ರೂಢಿ ಇತ್ತು. ನಮ್ಮ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ಲು ಬಂದದ್ದು ಹೀಗೆ. ಹೆಣ್ಣಿನ ಅಪ್ಪ ಸಾಲ ಮಾಡಿದ, ಜೀತದ ಹಾಗೆ ದುಡಿದು ತೀರಿಸಿದ. ಅಳಿಯ ಬೆಲ್ಲು ಹೊಡೆದುಕೊಂಡು ಸಂತೆಗೆ ಹೋದ. ಆ ಸೈಕಲ್ಲಿಗೆ ಕ್ಯಾರಿಯರ್ ಇತ್ತು, ಉಪಯೋಗಕ್ಕೆ ಬರುವಂಥದ್ದೇ ಆಗಿತ್ತು. ಆದರೂ ಅದು ಹೊಲಸು ಸೈಕಲ್ಲು. ತನ್ನ ಸಂಬಳದ ದಿನಗಳನ್ನು ತಾನೇ ಕೂಡಿಸಿ ಕೊಂಡ ಕ್ಯಾರಿಯರ್ ಇಲ್ಲದ ಸೈಕಲ್ಲು ಅದಕ್ಕಿಂತ ಚೊಕ್ಕಟ. ಅವ್ವನ ಗುಂಪುಸಾಲದಿಂದ ತೆಗೆದು ಕೊಂಡರೆ, ಅಪ್ಪನ ಔಷಧಿ ಮುಂದೂಡಿ ಕೊಂಡರೆ, ತಂಗಿಯ ಬಿ.ಎಡ್. ಫೀಸು ತಡಮಾಡಿ ಕೊಂಡರೆ ಅದು ಎಷ್ಟೇ ಹಗುರವಾಗಿರಲಿ, ತುಳಿಯುವವನ ಕಾಲಿಗಲ್ಲದೆ ಇನ್ನೊಬ್ಬರ ಬೆನ್ನಿಗೆ ಭಾರ. ಕಂತಿನಲ್ಲಿ ಕೊಳ್ಳುವುದೂ ಇದೇ ಸಾಲಿನ ಮಾತು. ನಾಳೆಯ ದಿನಗಳನ್ನು ಇಂದೇ ಒತ್ತೆ ಇಡುವ ಅಭ್ಯಾಸ ನಮ್ಮವರಿಗೆ ಹೊಸದಲ್ಲ, ಅದರಿಂದ ಹೊರಬರಲೆಂದೇ ಓದಿದ್ದು.

ಇಲ್ಲಿ ಇನ್ನೊಂದು ಮಾತು. ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ಲು ಕೊಡಲು ಶುರು ಮಾಡಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಕೊರೋನಾ ಬಂದ 2020-21ರಲ್ಲಿ ಅದು ನಿಂತಿತು. ಒಳ್ಳೆಯ ಯೋಜನೆ, ಅದನ್ನು ಹಳಿಯುವವರ ಜೊತೆ ನಾವಿಲ್ಲ. ಹೈಸ್ಕೂಲಿಗೆ ಹೋಗದೆ ನಿಂತುಬಿಡುತ್ತಿದ್ದ ಎಷ್ಟೋ ಹುಡುಗಿಯರು ಅದನ್ನು ತುಳಿದುಕೊಂಡು ಹೋದರು. ಆದರೆ ಹಾಸ್ಟೆಲ್ಲಿನಲ್ಲಿ ಇದ್ದವರಿಗೆ, ಬಸ್‌ಪಾಸ್ ಇದ್ದವರಿಗೆ ಸೈಕಲ್ಲಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಇದ್ದವರು ಯಾರು ಅಂತ ಈ ಪತ್ರಿಕೆ ಓದುವವರಿಗೆ ಹೇಳಬೇಕಿಲ್ಲ. ಸಿಕ್ಕವರಿಗೂ ಅಷ್ಟೇ, ಬಣ್ಣ ಇಂಥದ್ದೇ, ಎತ್ತರ ಇಷ್ಟೇ, ತಗೊ. ನಮ್ಮ ಹಿಂದಿನವರು ಕೊಟ್ಟ ಹಳೇ ಅಂಗಿ ತೊಟ್ಟರು, ಕೊಟ್ಟ ತಂಗಳು ಉಂಡರು, ಕೊಟ್ಟ ಹೆಸರಲ್ಲಿ ಕರೆಸಿಕೊಂಡರು. ಕೊಟ್ಟದ್ದನ್ನು ಇಸಕೊಳ್ಳುವುದು ನಮಗೆ ಚೆನ್ನಾಗಿ ಬರುತ್ತದೆ, ಆರಿಸುವುದು ಬರುವುದಿಲ್ಲ. ಅಂಗಡಿಯಲ್ಲಿ ನಿಂತು ಇದು ಬೇಡ, ಆ ಮೂಲೆಯದು ತೋರಿಸಿ ಅನ್ನಲು ನಾಲಿಗೆ ಏಳುವುದಿಲ್ಲ. ಮೊದಲ ಸೈಕಲ್ಲು ಕೊಳ್ಳುವವನು ನಿಜವಾಗಿ ಕಲಿಯಬೇಕಾದ ವಿದ್ಯೆ ಅದು. ಹಾಗಾಗಿ ಆರಿಸುವ ಬಗೆಯನ್ನೂ ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಸೈಕಲ್ಲಿನ ತಾತ್ವಿಕತೆ ಮಾತಾಡಿ ಪಂಚರ್ ಮರೆತ ಪ್ರಬಂಧಗಳನ್ನು ನಾವು ಸಾಕಷ್ಟು ಓದಿಯಾಗಿದೆ.

ಕೈಯಲ್ಲಿ ಏಳೆಂಟು ಸಾವಿರ ಇಟ್ಟುಕೊಂಡು ಹೋದವನ ಮುಂದೆ ಅಂಗಡಿಯವನು ಮೊದಲು ನಿಲ್ಲಿಸುವುದು ದಪ್ಪ ಟೈರಿನ, ಮುಂದೆ ಶಾಕ್ಅಬ್ಸಾರ್ಬರ್ ಇರುವ, ಮೈತುಂಬ ಇಂಗ್ಲಿಷ್ ಬರೆದ ಗೇರ್ ಸೈಕಲ್ಲನ್ನು. ಇದನ್ನು ತಗೋಬೇಡಿ. ಆ ಬೆಲೆಗೆ ಬರುವ ಶಾಕ್ಅಬ್ಸಾರ್ಬರ್ ಬರೀ ತೂಕದ ಸ್ಪ್ರಿಂಗು, ತುಳಿದ ಬಲವನ್ನು ನುಂಗುತ್ತದೆ. ಆ ಬೆಲೆಯ ಗೇರು ಮಳೆಗಾಲ ಮುಗಿಯುವುದರೊಳಗೆ ಕರಕರ ಅನ್ನುತ್ತದೆ. ಅಷ್ಟೇ ದುಡ್ಡಿಗೆ ಗೇರಿಲ್ಲದ ಸೈಕಲ್ಲಾದರೆ ರಿಮ್ಮು, ಬೇರಿಂಗು, ಬ್ರೇಕು ಒಳ್ಳೆಯವು ಸಿಗುತ್ತವೆ. ಕಡೂರಿನಿಂದ ಬೀರೂರು, ಬೀರೂರಿನಿಂದ ಅಜ್ಜಂಪುರದ ದಾರಿ ಒಂದಿಷ್ಟು ಏರಿಳಿತ ಬಿಟ್ಟರೆ ಬಯಲು ಸೀಮೆ. ಕಾಲಿದ್ದವನಿಗೆ ಒಂದು ಗೇರು ಸಾಕು. ಲಿಂಗದಹಳ್ಳಿ ಆಚೆ ಬೆಟ್ಟ ಹತ್ತುವವನ ಮಾತು ಬೇರೆ, ಅವನಿಗೆ ಗೇರು ಬೇಕು, ದುಡ್ಡೂ ಹೆಚ್ಚು ಬೇಕು.

ಫ್ರೇಮು ಉಕ್ಕಿನದಿರಲಿ. ಅಲ್ಯೂಮಿನಿಯಂ ಹಗುರ ನಿಜ, ಬಿರುಕು ಬಿಟ್ಟರೆ ನಮ್ಮೂರ ವೆಲ್ಡಿಂಗ್ ಶಾಪಿನವನು ಕೈ ಎತ್ತುತ್ತಾನೆ. ಉಕ್ಕಾದರೆ ಅರ್ಧ ಗಂಟೆಯಲ್ಲಿ ಬೆಸೆದು ಕೊಡುತ್ತಾನೆ. ರಿಮ್ಮು ಮಾತ್ರ ಅಲಾಯ್ ಆಗಿರಲಿ. ಮಿರಮಿರ ಮಿಂಚುವ ಉಕ್ಕಿನ ರಿಮ್ಮು ನೆನೆದರೆ ಬ್ರೇಕು ಹಿಡಿಯುವುದಿಲ್ಲ. ತರೀಕೆರೆಯ ಮೇಲೆ ಮಲೆನಾಡಿನ ಮಳೆ ಇಳಿದಾಗ ಇದು ಪ್ರಾಣದ ಮಾತು. ಟೈರಿನ ವಿಷಯದಲ್ಲಿ ದೊಡ್ಡ ಗೊಂದಲವಿದೆ. ಹಳೆಯ ಕರಿ ಸೈಕಲ್ಲಿನ ಗಾಲಿಗೂ ರೋಡ್ ಬೈಕಿನ ಗಾಲಿಗೂ ಅಂಗಡಿಯಲ್ಲಿ ಇಪ್ಪತ್ತೆಂಟು ಇಂಚು ಅಂತಲೇ ಅನ್ನುತ್ತಾರೆ. ಆದರೆ ಟೈರು ಕೂರುವ ಕಡೆ ಒಂದರ ರಿಮ್ಮು 635 ಮಿಲಿಮೀಟರು, ಇನ್ನೊಂದರದು 622. ಹದಿಮೂರು ಮಿಲಿಮೀಟರ್ ವ್ಯತ್ಯಾಸಕ್ಕೆ ಒಂದರ ಟೈರು ಇನ್ನೊಂದಕ್ಕೆ ಆಗುವುದಿಲ್ಲ. 635ರ ಟೈರು ಸಂತೆ ನಡೆಯುವ ಊರಲ್ಲೆಲ್ಲ ಸಿಗುತ್ತದೆ, 622ರದು ಸಿಗುವ ಅಂಗಡಿ ಯಾವುದು ಅಂತ ಕೊಳ್ಳುವ ಮೊದಲೇ ಕೇಳಿಕೊಂಡಿರಬೇಕು. ಟೈರಿನ ಅಗಲ 25, 28 ಅಂತ ಬರೆದದ್ದು ಪೇಟೆಯ ಡಾಂಬರಿಗೆ ಸರಿ. ನಮ್ಮ ದಾರಿಗೆ 32ಕ್ಕಿಂತ ಕಡಿಮೆ ಬೇಡ. ಅಜ್ಜಂಪುರದ ಎರೆಮಣ್ಣು ನೆನೆದಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಕಚ್ಚಿ ಹಿಡಿಯುತ್ತದೆ, ಅದಕ್ಕೇ ಅಲ್ಲಿ ಸಂದಿ ಧಾರಾಳವಾಗಿರಲಿ. ಟ್ಯೂಬಿಗೆ ಸೂಜಿಯಂಥ ವಾಲ್ವ್ ಇದ್ದರೆ ನಮ್ಮೂರ ಪಂಪು ಹಿಡಿಯುವುದಿಲ್ಲ. ಅದಕ್ಕೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಸಿಗುತ್ತದೆ, ಎರಡು ತಂದು ಸೀಟಿನ ಕೆಳಗೆ ಕಟ್ಟಿಕೊಳ್ಳಿ. ಹಳೆಯ ವಾಲ್‌ಟ್ಯೂಬಿನ ಸೈಕಲ್ಲಾದರೆ ಈ ರಗಳೆಯೇ ಇಲ್ಲ.

ಹಳೆಯ ಸೈಕಲ್ಲು ಕೊಳ್ಳುವುದರಲ್ಲಿ ಅವಮಾನವಿಲ್ಲ. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನವಂತೆ! ನೂರಾರು ಕಾರ್ಮಿಕರು ಗೇಟಿನ ಮುಂದೆ ನೋಟೀಸು ಓದಿಕೊಂಡು ನಿಂತರು. ಅವರ ಕೈಯಲ್ಲಿ ಆದ ಫ್ರೇಮುಗಳು ಇನ್ನೂ ನಮ್ಮ ರಸ್ತೆಗಳಲ್ಲಿ ಗಟ್ಟಿಯಾಗಿವೆ. ಹಳೆಯದನ್ನು ನೋಡುವಾಗ ಬಣ್ಣ ನೋಡಬೇಡಿ. ಸೈಕಲ್ಲನ್ನು ತಲೆಕೆಳಗು ಮಾಡಿ ಗಾಲಿ ತಿರುಗಿಸಿ. ಅತ್ತಿತ್ತ ಹೊಯ್ದಾಡಿದರೆ ಕಡ್ಡಿ ಬಿಗಿ ಮಾಡಿ ಸರಿಪಡಿಸಬಹುದು. ಪೆಡಲಿನ ಕೈ ಹಿಡಿದು ಅಡ್ಡಕ್ಕೆ ಅಲುಗಿಸಿ, ಆಟ ಇದ್ದರೆ ಒಳಗೆ ಬೇರಿಂಗು ಸವೆದಿದೆ, ಅದನ್ನೂ ಬದಲಿಸಬಹುದು. ಆದರೆ ಮುಂದಿನ ಫೋರ್ಕು ಬಾಗಿದ್ದರೆ, ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಬಣ್ಣ ಸುಕ್ಕುಗಟ್ಟಿದ್ದರೆ ಎಲ್ಲಿಗೋ ಗುದ್ದಿದ ಸೈಕಲ್ಲು. ಬಿಟ್ಟಿ ಕೊಟ್ಟರೂ ಬೇಡ.

ಇವನ್ನೆಲ್ಲ ನಮಗೆ ಕಲಿಸಿದ್ದು ಪುಸ್ತಕವಲ್ಲ, ಸೈಕಲ್ ಶಾಪುಗಳು. ಜಾತಿಗೊಂದು ಕಸುಬು ಹಂಚಿದ ಶಾಸ್ತ್ರದಲ್ಲಿ ಪಂಚರ್ ಹಾಕುವ ಕಸುಬು ಇರಲಿಲ್ಲ. ಹೊಸದಾಗಿ ಬಂದ ಕೆಲಸ, ಯಾರಪ್ಪನದೂ ಅಲ್ಲ. ಹಾಗಾಗಿ ಸಾಬರು ಮಾಡಿದರು, ನಮ್ಮವರೂ ಮಾಡಿದರು. ಯಾರ ಟ್ಯೂಬನ್ನಾದರೂ ಒಂದೇ ಬಾಂಡ್ಲಿ ನೀರಿನಲ್ಲಿ ಅದ್ದಿದರು. ಊರ ಹೋಟೆಲಿನಲ್ಲಿ ಲೋಟ ಬೇರೆ ಇದ್ದ ಕಾಲದಲ್ಲೂ ಪಂಚರ್ ಶಾಪಿನ ಬಾಂಡ್ಲಿಗೆ ಮಡಿ ಇರಲಿಲ್ಲ. ಆದರೆ ಬಾಡಿಗೆ ಸೈಕಲ್ಲು ಕೊಡುವ ಕಡೆ ಯಾರ ಮಗ, ಯಾವ ಬೀದಿ ಅಂತ ಕೇಳುತ್ತಿದ್ದರು, ಜಾಮೀನು ಹೇಳುವವರಿಲ್ಲದೆ ವಾಪಸು ಬಂದ ಹುಡುಗರೂ ಇದ್ದಾರೆ. ಸ್ವಂತ ಸೈಕಲ್ಲಿನ ಆಸೆಯ ಬೇರು ಅಲ್ಲೂ ಇದೆ. ಅದಕ್ಕೇ ನಾವು ಹೇಳುವುದು, ನಮ್ಮ ತಾಲ್ಲೂಕಿನ ಶಾಪಿನವನು ಬಿಚ್ಚಿ ಕಟ್ಟಲಾಗದ ಸೈಕಲ್ಲು ಕೊಂಡರೆ ಅದು ಮತ್ತೆ ಟಾಂಗಾದವನ ಕೈಯಲ್ಲಿ ಸಿಕ್ಕಿಬಿದ್ದ ಹಾಗೆ. ಒಂದು ವೈರಿಗೆ ಬೆಂಗಳೂರು ನೋಡುತ್ತ ಕೂರಬೇಕು.

ಕ್ಯಾರಿಯರಿನ ಜಗಳಕ್ಕೂ ಶಾಪಿನಲ್ಲೇ ದಾರಿ ಸಿಕ್ಕಿತು. ಹಿಂದಿನ ಗಾಲಿಯ ಅಚ್ಚಿನ ಹತ್ತಿರ ಫ್ರೇಮಿನಲ್ಲಿ ಎರಡು ಸಣ್ಣ ತೂತು ಇವೆಯೇ ಅಂತ ನೋಡಬೇಕು. ಇದ್ದರೆ ಬೇಕಾದಾಗ ಕ್ಯಾರಿಯರ್ ಹಾಕಬಹುದು, ಬೇಡದಾಗ ಬಿಚ್ಚಿ ಗೋಡೆಗೆ ನೇತುಹಾಕಬಹುದು. ಹುಟ್ಟಿನಿಂದಲೇ ಬಂದ ಕ್ಯಾರಿಯರ್ ಬೇರೆ, ನಾವೇ ಹಾಕಿ ನಾವೇ ಬಿಚ್ಚುವ ಕ್ಯಾರಿಯರ್ ಬೇರೆ. ಈರುಳ್ಳಿ ಚೀಲದ ಹಿರಿಯರು ಇದಕ್ಕೆ ಒಪ್ಪಿದರು. ಸಂಘಟನೆಯ ಗೆಳೆಯ ಇನ್ನೂ ಒಪ್ಪಿಲ್ಲ, ಅವನ ಜೊತೆ ವಾದ ನಡೆದಿದೆ.

ಇಷ್ಟು ಹೊತ್ತು ಹುಡುಗ, ಹುಡುಗ ಅಂತಲೇ ಬರೆದೆವು. ಮನೆಯಲ್ಲಿ ತಂಗಿ ಇದ್ದಾಳೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಬಿಟ್ಟಿ, ನಿನಗ್ಯಾಕೆ ಸೈಕಲ್ಲು ಅಂತ ಅವಳ ಬಾಯಿ ಮುಚ್ಚಿಸುವವರಿದ್ದಾರೆ. ಬಸ್ಸು ಹೆದ್ದಾರಿಯಲ್ಲಿ ಹೋಗುತ್ತದೆ, ಹಟ್ಟಿ ಒಳಗಿದೆ. ಬಸ್ಸು ಅದರ ಹೊತ್ತಿಗೆ ಹೋಗುತ್ತದೆ, ಅವಳ ಹೊತ್ತಿಗಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಅರಿವೊಳಿ ಸಾಕ್ಷರತಾ ಚಳವಳಿ ನಡೆಯಿತು. ಕಲೆಕ್ಟರ್ ಆಗಿದ್ದ ಶೀಲಾರಾಣಿ ಚುಂಕತ್ ಅಕ್ಷರದ ಜೊತೆಗೆ ಸೈಕಲ್ಲನ್ನೂ ಸೇರಿಸಿದರು. ಕಲ್ಲುಕ್ವಾರಿಯ ಹೆಂಗಸರು, ಹೊಲದ ಕೂಲಿಯವರು, ಅಂಗನವಾಡಿಯವರು ಸಾವಿರಾರು ಜನ ಸೈಕಲ್ಲು ಕಲಿತರು. ಪಿ. ಸಾಯಿನಾಥ್ ಅದನ್ನು ನೋಡಿ ಬರೆದಿದ್ದಾರೆ. ಅಲ್ಲಿ ಲೇಡೀಸ್ ಸೈಕಲ್ಲು ಸಾಲದೆ ಹೆಂಗಸರು ಗಂಡಸರ ಸೈಕಲ್ಲನ್ನೇ ಹತ್ತಿದರು. ಕೆಲವರು ಅದನ್ನೇ ಇಷ್ಟಪಟ್ಟರು, ಯಾಕೆಂದರೆ ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಿತ್ತು. ಸೀರೆ ಉಟ್ಟು ಬಾರ್ ದಾಟಿ ಕಾಲು ಹಾಕುವುದನ್ನು ಊರು ಹೇಗೆ ನೋಡಿರಬೇಕು ಊಹಿಸಿ. ನಮ್ಮ ಹೆದ್ದಾರಿಯಲ್ಲಿ, ಹಿಂದೆ 206 ಅನ್ನುತ್ತಿದ್ದ ಈಗಿನ 69ರಲ್ಲಿ, ರೋಡ್ ಬೈಕಿನ ಮೇಲೆ ಹೆಣ್ಣುಮಗಳು ಹೋಗುವುದನ್ನು ಯಾರಾದರೂ ಕಂಡಿದ್ದರೆ ಬರೆದು ತಿಳಿಸಿ.

ಆದ್ದರಿಂದ ಕೊನೆಗೆ ಅಳತೆಯ ಮಾತು. ಅಂಗಡಿಯವನು ಗಂಡಸಿನ ಎತ್ತರ ನೋಡಿ ದೊಡ್ಡ ಫ್ರೇಮು ಎತ್ತಿ ಕೊಡುತ್ತಾನೆ. ದೊಡ್ಡ ಫ್ರೇಮಿನ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವರು ನಾವು, ಮೈಯನ್ನು ಸೈಕಲ್ಲಿಗೆ ಹೊಂದಿಸಿಕೊಂಡದ್ದು ಸಾಕು. ಮನೆಯಲ್ಲಿ ಇಬ್ಬರು ತುಳಿಯುವ ಸೈಕಲ್ಲಾದರೆ ಗಿಡ್ಡಗಿರುವವರ ಅಳತೆಗೇ ಕೊಳ್ಳಬೇಕು. ಎತ್ತರದವನು ಸೀಟಿನ ನಟ್ಟು ಸಡಿಲ ಮಾಡಿ ಮೇಲಕ್ಕೆ ಎತ್ತಿಕೊಳ್ಳುತ್ತಾನೆ. ಗಿಡ್ಡಗಿರುವವಳು ಬಾರನ್ನು ಕೆಳಕ್ಕೆ ಇಳಿಸಲಾರಳು. ದುಡ್ಡು ಅಣ್ಣನದೇ ಇರಲಿ, ಅಂಗಡಿಗೆ ತಂಗಿಯನ್ನು ಕರೆದುಕೊಂಡು ಹೋಗಿ. ಸೈಕಲ್ಲಿನ ಎರಡೂ ಕಡೆ ಕಾಲೂರಿ, ಹಿಮ್ಮಡಿ ನೆಲಕ್ಕೆ ತಾಗಿಸಿ ಅವಳು ನಿಲ್ಲಲಿ. ಬಾರಿಗೂ ಅವಳಿಗೂ ನಡುವೆ ಎರಡು ಬೆರಳು ಸಂದಿ ಇದ್ದರೆ ದುಡ್ಡು ಎಣಿಸಬಹುದು.